ಕಾರಾಪುರದ ಮಾವುತನ ಮಗ

ನಮ್ಮ ಸೀಮೆಯ ಮಕ್ಕಳಿಗೆ ಆನೆಯ ಪರಿಚಯ ಮೊದಲು ಆಗುವುದು ಗೊಂಬೆಯ ರೂಪದಲ್ಲಿ. ಚನ್ನಪಟ್ಟಣದ ಕುಶಲಿಗಳು ಹಾಲೆಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ಕೆಳಗೆ ನಾಲ್ಕು ಚಕ್ರ ಜೋಡಿಸಿ ಮಾಡಿಕೊಟ್ಟ ಆನೆಯನ್ನು ದಾರ ಕಟ್ಟಿ ಎಳೆಯದೆ ಬೆಳೆದ ಮಕ್ಕಳು ಇಲ್ಲಿ ಕಡಿಮೆ. ಎರಡನೆಯದು ಜಾತ್ರೆಯ ಆನೆ. ಹಣೆಗೆ ವಿಭೂತಿ, ಮೈಮೇಲೆ ಜರಿಯ ಜೂಲು, ಕೊರಳಲ್ಲಿ ಗಂಟೆ. ಮೂರನೆಯದು ಇತ್ತೀಚಿನದು, ರಾಗಿ ತೆನೆ ಬಲಿತ ಕಾಲಕ್ಕೆ ಕತ್ತಲಲ್ಲಿ ಹೊಲಕ್ಕೆ ಇಳಿಯುವ ಆನೆ. ಈ ಮೂರನ್ನೂ ಕಂಡವನು ನಾನು. ಕಳೆದ ಮಾಗಿಯಲ್ಲಿ ನಾಲ್ಕನೆಯದೊಂದನ್ನು ಕಂಡೆ. ಅದು ತೆರೆಯ ಮೇಲಿನ ಆನೆ. ಅದನ್ನು ಕಂಡಮೇಲೆ ಮೊದಲಿನ ಮೂರು ಆನೆಗಳ ವಿಷಯದಲ್ಲೂ ನನ್ನ ಮನಸ್ಸು ಹಿಂದಿನಂತೆ ಉಳಿಯಲಿಲ್ಲವಾದ್ದರಿಂದ ಈ ನಾಲ್ಕು ಮಾತುಗಳನ್ನು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಚಲನಚಿತ್ರದ ವಿಷಯದಲ್ಲಿ ಬರೆಯಲು ನನಗೆ ಅಧಿಕಾರವಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಹತ್ತನೆಯ ವಯಸ್ಸಿಗೆ ಮಠದ ಪಾಠಶಾಲೆಗೆ ಸೇರಿದವನು ನಾನು. ಪ್ರಾತಃಕಾಲ ಪೂಜೆ, ಹಗಲು ವ್ಯಾಕರಣ, ಸಂಜೆ ವಚನಪಾಠ, ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ಸಿನಿಮಾ ನಿಷಿದ್ಧ. ರಾಮದೇವರ ಬೆಟ್ಟದಲ್ಲಿ 'ಶೋಲೆ' ಚಿತ್ರ ತೆಗೆದಾಗ ನೋಡಿಬಂದವರು ವರ್ಣಿಸುವುದನ್ನು ಕೇಳಿ ಬಾಯಿ ಚಪ್ಪರಿಸಿದ್ದುಂಟೇ ಹೊರತು 1975ರಲ್ಲಿ ಅದು ಬಿಡುಗಡೆಯಾದಾಗ ನಾನು ನೋಡಲಿಲ್ಲ. ಮುಂದೆ ಇಂಗ್ಲೆಂಡಿನ ಡೇವಿಡ್ ಲೀನ್ ಎಂಬ ನಿರ್ದೇಶಕರು ಸಾವನದುರ್ಗಕ್ಕೂ ರಾಮದೇವರ ಬೆಟ್ಟಕ್ಕೂ ಬಂದು 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಗುಹೆಗಳ ದೃಶ್ಯವನ್ನು ತೆಗೆದರು. ಆ ಚಿತ್ರ 1984ರಲ್ಲಿ ತೆರೆಕಂಡಿತು. ಆಗಲೂ ನನಗೆ ಕುತೂಹಲ ಹುಟ್ಟಲಿಲ್ಲ. ನಮ್ಮ ಬಂಡೆಗಳನ್ನು ನೋಡಲು ನಾನೇಕೆ ದುಡ್ಡು ಕೊಡಬೇಕು ಎಂದು ಹಾಸ್ಯ ಮಾಡುತ್ತಿದ್ದೆ.

ನಾನೀಗ ಹೇಳಹೊರಟ ಚಿತ್ರ ನಮ್ಮ ಬಂಡೆಗಳ ನಡುವೆ ತೆಗೆದದ್ದಲ್ಲ. ಮೈಸೂರಿನಾಚೆ, ಹೆಗ್ಗಡದೇವನಕೋಟೆಯ ಕಾಡಿನಲ್ಲಿ ತೆಗೆದದ್ದು. ಅದರ ಹೆಸರು 'ಎಲಿಫೆಂಟ್ ಬಾಯ್'. ಬಿಡುಗಡೆಯಾದದ್ದು 1937ರಲ್ಲಿ.

ಅದನ್ನು ನೋಡುವ ಪ್ರಸಂಗ ಒದಗಿದ್ದು ಕನಕಪುರ ತಾಲ್ಲೂಕು ಸಾತನೂರು ಹೋಬಳಿಯಲ್ಲಿರುವ ನಮ್ಮ ಅಣ್ಣನ ಮನೆಯಲ್ಲಿ. ನಾನು ಮಾಗಡಿಯಲ್ಲಿ ಕನ್ನಡ ಪಂಡಿತನಾಗಿದ್ದು ನಿವೃತ್ತನಾದ ಮೇಲೆ, ಸುಗ್ಗಿಯ ಕಾಲಕ್ಕೆ ಕೆಲವು ದಿನ ಅಲ್ಲಿ ಹೋಗಿ ಇರುವುದು ವಾಡಿಕೆ. ಅಣ್ಣನ ಮೊಮ್ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ರಜೆಗೆ ಬಂದವನು, "ತಾತ, ಮೈಸೂರು ಕಾಡಲ್ಲಿ ತೆಗೆದ ಹಳೇ ಇಂಗ್ಲಿಷ್ ಪಿಕ್ಚರ್ ಒಂದಿದೆ. ಪೂರಾ ಆನೆಗಳೇ. ನೀವು ನೋಡಲೇಬೇಕು" ಎಂದು ತನ್ನ ಫೋನನ್ನು ಟೀವಿಗೆ ಜೋಡಿಸತೊಡಗಿದ. ಜಗಲಿಯಲ್ಲಿ ಕುಳಿತಿದ್ದ ಅಣ್ಣ ಅಲ್ಲಿಂದಲೇ, "ಆನೆ ನೋಡೋಕೆ ಟೀವಿ ಯಾಕೆ ಬೇಕಪ್ಪಾ? ದಿನಾ ರಾತ್ರಿ ಹೊಲಕ್ಕೇ ಬರ್ತಾವಲ್ಲ" ಎಂದರು.

ಆ ಮಾತಿನ ಹಿಂದಿನ ಕಹಿ ನನಗೆ ಗೊತ್ತಿತ್ತು. ಹಿಂದಿನ ವರ್ಷ ಎರಡು ರಾತ್ರಿಗಳಲ್ಲಿ ಅವರ ಒಂದೂವರೆ ಎಕರೆ ರಾಗಿ ನೆಲಸಮವಾಗಿತ್ತು. ಇಪ್ಪತ್ತು ವರ್ಷ ಸಾಕಿದ ಹಲಸಿನ ಮರದ ಕೊಂಬೆಗಳು ಸಿಗಿದು ಹೋಗಿದ್ದವು. ಅದಕ್ಕಿಂತ ಹೆಚ್ಚಿನದೆಂದರೆ, ಪಕ್ಕದ ಹೊಲದಲ್ಲಿ ಕಾವಲಿಗಿದ್ದ ರೈತನೊಬ್ಬ, ಅಣ್ಣನ ಜೊತೆ ಚಿಕ್ಕಂದಿನಲ್ಲಿ ದನ ಮೇಯಿಸಿದವನು, ಬೆಳಗಿನ ಜಾವ ಆನೆಗೆ ಸಿಕ್ಕಿ ತೀರಿಹೋಗಿದ್ದ. ಅಂದಿನಿಂದ ಅಣ್ಣನ ಎದುರು ಆನೆಯ ಹೆಸರು ಎತ್ತುವವರಿರಲಿಲ್ಲ. ಅತ್ತಿಗೆ ಮೊಮ್ಮಗನ ಕಡೆ ಕಣ್ಣು ಬಿಟ್ಟರು. ಆದರೆ ಅಷ್ಟರಲ್ಲಿ ಚಿತ್ರ ಶುರುವಾಗಿತ್ತು.

ಈ ಚಿತ್ರದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ಬಂದದ್ದು 1934ರಲ್ಲಿ; ಅದನ್ನು ತೆಗೆಯಲು ನಮ್ಮವರು ಕೊಲ್ಲಾಪುರಕ್ಕೆ ಹೋಗಬೇಕಾಯಿತು. ಅದರ ಮರುವರ್ಷವೇ ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾ ಅವರ ಚಿತ್ರಸಂಸ್ಥೆ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕನನ್ನು ಮೈಸೂರಿಗೆ ಕಳುಹಿಸಿತು. ಹಿಮಪ್ರದೇಶದ ಬೇಟೆಗಾರನ ಬದುಕನ್ನು ಕುರಿತ 'ನಾನೂಕ್ ಆಫ್ ದಿ ನಾರ್ತ್' ಎಂಬ ಸಾಕ್ಷ್ಯಚಿತ್ರವನ್ನು 1922ರಲ್ಲೇ ಮಾಡಿ ಹೆಸರಾದವರು ಅವರು. ವೃತ್ತಿನಟರಿಗಿಂತ ಆ ನೆಲದಲ್ಲಿ ಬಾಳುವ ಜನರನ್ನೇ ತೆರೆಯ ಮೇಲೆ ತೋರಿಸಬೇಕೆಂಬುದು ಅವರ ಹಟ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ದಿವಾನರು ಮಿರ್ಜಾ ಇಸ್ಮಾಯಿಲ್. ಅರಮನೆಯ ಆನೆಗಳೂ ಮಾವುತರೂ ಕಾಡೂ ಚಿತ್ರತಂಡಕ್ಕೆ ದೊರೆತವು.

ಕಥೆ ಇಂಗ್ಲಿಷ್ ಲೇಖಕ ಕಿಪ್ಲಿಂಗರದು. ಅವರು ಬರೆದದ್ದು ಅಸ್ಸಾಮಿನ ಕಡೆಯ ಗಾರೋ ಬೆಟ್ಟಗಳ ಖೆಡ್ಡಾದ ಬಗ್ಗೆ. ಆದರೆ ಕಥೆಯಲ್ಲಿ ಬರುವ ಪೀಟರ್‌ಸನ್ ಸಾಹೇಬನಿಗೆ ಮಾದರಿಯಾದವನು ಸ್ಯಾಂಡರ್‌ಸನ್ ಎಂದು ಬಲ್ಲವರು ಹೇಳುತ್ತಾರೆ. 1870ರ ದಶಕದಲ್ಲಿ ಮೈಸೂರು ಸರ್ಕಾರಕ್ಕಾಗಿ ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ಖೆಡ್ಡಾ ನಡೆಸಿದ ಅಧಿಕಾರಿಯೇ ಆತ. ಹೀಗೆ ನಮ್ಮಿಂದ ಹೊರಟ ಕಥೆ ಸುತ್ತು ಹಾಕಿಕೊಂಡು ನಮ್ಮ ಕಾಡಿಗೇ ಮರಳಿತೆನ್ನಬಹುದು.

ಕಥಾನಾಯಕ ತೂಮಾಯಿ ಎಂಬ ಬಾಲಕ. ಆ ಪಾತ್ರಕ್ಕೆ ಹುಡುಗನನ್ನು ಅರಸುತ್ತಿದ್ದಾಗ ಛಾಯಾಗ್ರಾಹಕ ಬೋರಡೇಲ್ ಅವರ ಕಣ್ಣಿಗೆ ಬಿದ್ದವನು ಸಾಬು. ಹುಟ್ಟಿದ್ದು 1924ರಲ್ಲಿ, ಕಬಿನಿಯ ದಡದ ಕಾರಾಪುರದಲ್ಲಿ. ತಂದೆ ಅರಮನೆಯ ಮಾವುತ. ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ಅರಮನೆಯ ಆನೆಲಾಯದ ಆಶ್ರಯದಲ್ಲಿ ಬೆಳೆಯುತ್ತಿದ್ದ ಅನಾಥ. ಹನ್ನೊಂದು ವರ್ಷದ ಆ ಹುಡುಗ ಜಗತ್ತಿನ ಚಿತ್ರಮಂದಿರಗಳಲ್ಲೆಲ್ಲ ಹೆಸರಾಗುತ್ತಾನೆಂದು ಯಾರು ಎಣಿಸಿದ್ದರು?

ಚಿತ್ರದ ಕಥೆ ಸರಳವಾದದ್ದು. ತೂಮಾಯಿಗೆ ದೊಡ್ಡ ಬೇಟೆಗಾರನಾಗುವ ಕನಸು. ಅವನ ವಂಶದವರು ತಲೆಮಾರುಗಳಿಂದ ಕಾಲಾ ನಾಗ್ ಎಂಬ ಸಲಗದ ಮಾವುತರು. ಕಾಡಾನೆಗಳನ್ನು ಹಿಡಿಯಲು ಸಾಹೇಬ ತಂಡ ಕಟ್ಟಿದಾಗ ತಂದೆಯೂ ಮಗನೂ ಆನೆಯೊಡನೆ ಹೊರಡುತ್ತಾರೆ. ಕಾಡಿನಲ್ಲಿ ತಂದೆ ಹುಲಿಗೆ ಬಲಿಯಾಗುತ್ತಾನೆ. ಒಡೆಯನನ್ನು ಕಳೆದುಕೊಂಡ ಆನೆ ದುಃಖದಿಂದ ಕೆರಳುತ್ತದೆ. ಅದನ್ನು ಕ್ರೂರಿಯಾದ ಬೇರೊಬ್ಬ ಮಾವುತನಿಗೆ ಒಪ್ಪಿಸುತ್ತಾರೆ. ಅವನ ಹಿಂಸೆ ತಾಳದೆ ಆನೆ ಅವನನ್ನೇ ಗಾಯಗೊಳಿಸಿದಾಗ, ಅದನ್ನು ಕೊಲ್ಲಬೇಕೆಂಬ ಮಾತು ಬರುತ್ತದೆ. ಬಾಲಕ ರಾತ್ರೋರಾತ್ರಿ ಆನೆಯೊಡನೆ ಕಾಡಿಗೆ ಓಡುತ್ತಾನೆ. ಅಲ್ಲಿ ಮನುಷ್ಯರು ಕಾಣದ ಆನೆಗಳ ನೃತ್ಯವನ್ನು ಕಾಣುತ್ತಾನೆ. ಸಾಹೇಬನ ತಂಡ ಹುಡುಕುತ್ತಿದ್ದ ಹಿಂಡು ಅವನಿಂದಾಗಿಯೇ ಸಿಕ್ಕುತ್ತದೆ. 'ಆನೆಗಳ ತೂಮಾಯಿ' ಎಂಬ ಬಿರುದು ಅವನಿಗೆ ದೊರೆಯುತ್ತದೆ.

ಎಂಬತ್ತು ನಿಮಿಷಗಳ ಈ ಕಪ್ಪುಬಿಳುಪಿನ ಚಿತ್ರದಲ್ಲಿ ಕಥೆಗಿಂತ ದೊಡ್ಡದು ಆ ಹುಡುಗ ಆನೆಯೊಡನೆ ನಡೆದುಕೊಳ್ಳುವ ರೀತಿ. ಅವನು ನದಿಯಲ್ಲಿ ಕಾಲಾ ನಾಗ್‌ನ ಮೈ ತೊಳೆಯುವ ದೃಶ್ಯವಿದೆ. ಬೆಟ್ಟದಂಥ ಪ್ರಾಣಿ ನೀರಿನಲ್ಲಿ ಮಲಗಿರುತ್ತದೆ; ಹುಡುಗ ಅದರ ಮೇಲೆ ಹತ್ತಿ ಇಳಿದು ಉಜ್ಜುತ್ತಾನೆ, ಬೈಯುತ್ತಾನೆ, ಮುದ್ದಿಸುತ್ತಾನೆ. ಯಾವ ನಿರ್ದೇಶಕನೂ ಇದನ್ನು ಕಲಿಸಿಕೊಡಲಾರ. ಮಗುವಿಗೆ ಎಣ್ಣೆ ನೀರು ಹಾಕುವ ತಾಯಿಗೆ ತನ್ನ ಕೈ ಎಲ್ಲಿದೆಯೆಂಬ ಪರಿವೆ ಇರುವುದಿಲ್ಲವಷ್ಟೇ? ಹಾಗೆ ಆ ಹುಡುಗನ ಕೈಗಳು ಆನೆಯ ಮೈಯನ್ನು ಬಲ್ಲವು. ಸೊಂಡಿಲಿನ ಮೇಲೆ ಕಾಲಿಟ್ಟು ಕತ್ತಿನ ಮೇಲೆ ಏರಿ ಕೂರುವುದು ಅವನಿಗೆ ನಾವು ಮನೆಯ ಮೆಟ್ಟಿಲು ಹತ್ತಿದಷ್ಟು ಸಹಜ. ಇಂಗ್ಲಿಷ್ ಸಂಭಾಷಣೆ ಅವನ ಬಾಯಲ್ಲಿ ಒಪ್ಪಿಸಿದ ಪಾಠದಂತೆ ಕೇಳಿಸುತ್ತದೆ. ಆನೆಯ ಬಳಿ ಇರುವಾಗ ಮಾತ್ರ ಅವನಲ್ಲಿ ಒಪ್ಪಿಸಿದ್ದೆಂಬುದು ಏನೂ ಇಲ್ಲ. ಕಾಲಾ ನಾಗ್ ಆಗಿ ನಟಿಸಿದ ಆನೆಯೂ ನಮ್ಮ ಮೈಸೂರಿನದೇ. ಅದರ ಹೆಸರು ಐರಾವತ.

ನಮ್ಮ ಶಾಸ್ತ್ರಗಳು ರಸವನ್ನು ಕುರಿತು ಬಹಳ ಹೇಳಿವೆ. ನಾನೂ ಮೂವತ್ತು ವರ್ಷ ಮಕ್ಕಳಿಗೆ ಅದನ್ನು ಬೋಧಿಸಿದ್ದೇನೆ. ಆದರೆ ಅಭಿನಯವೇ ಇಲ್ಲದ ಕಡೆ ರಸ ಹುಟ್ಟುವುದನ್ನು ಅಂದು ಕಂಡೆ.

ಆನೆ ದುಃಖಿಸುವ ಭಾಗ ಬಂದಾಗ ನಾನು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಅದು ಕಟ್ಟುಕಥೆಯೆಂದು ಕೆಲವರು ಅಂದಾರು. ನಾನು ಓದಿದ ಮಠದಲ್ಲಿ ಒಂದು ಹೆಣ್ಣಾನೆಯಿತ್ತು. ಅದರ ಮಾವುತರು ವೃದ್ಧ ಮುಸಲ್ಮಾನರು. ಮಠದ ಪ್ರಸಾದ ನಿಲಯದಲ್ಲಿ ನಮ್ಮೊಡನೆ ಊಟ ಮಾಡುತ್ತಿದ್ದರು. ಒಂದು ಆಷಾಢದಲ್ಲಿ ಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡರು. ಆನೆ ಮೇವು ಮುಟ್ಟಲಿಲ್ಲ. ಕಬ್ಬು ಹಾಕಿದರೆ ಸೊಂಡಿಲಿನಿಂದ ಪಕ್ಕಕ್ಕೆ ಸರಿಸುತ್ತಿತ್ತು. ಅವರು ಮಲಗುತ್ತಿದ್ದ ಜಾಗದಲ್ಲಿದ್ದ ಹರಕು ಕಂಬಳಿಯನ್ನು ಮೂಸುತ್ತ ನಿಂತಿರುತ್ತಿತ್ತು. ನಾಲ್ಕನೆಯ ರಾತ್ರಿ ನಮ್ಮ ಗುರುಗಳು ಶಿವಪೂಜೆ ಮುಗಿಸಿ, ಬೆಲ್ಲ ಕಲಸಿದ ಅನ್ನದ ಮುದ್ದೆಗಳನ್ನು ತಾವೇ ಹಿಡಿದು ಲಾಯಕ್ಕೆ ಬಂದರು. ಆನೆಯ ಮುಂದೆ ಚಾಪೆ ಹಾಕಿಸಿಕೊಂಡು ಕುಳಿತರು. ಏನೂ ಮಾತಾಡಲಿಲ್ಲ. ಬೆಳಗಿನವರೆಗೆ ಕುಳಿತೇ ಇದ್ದರು. ದೀಪ ಹಿಡಿದು ನಿಂತಿದ್ದವರಲ್ಲಿ ನಾನೂ ಒಬ್ಬ. ಕೋಳಿ ಕೂಗುವ ಹೊತ್ತಿಗೆ ಆನೆ ಒಂದು ಮುದ್ದೆಯನ್ನು ಅವರ ಕೈಯಿಂದ ತೆಗೆದುಕೊಂಡಿತು.

ಮರುದಿನ ಆ ಮಾವುತರ ಮಗ ಅಂಕುಶ ಹಿಡಿದ. ನನ್ನ ವಯಸ್ಸಿನವನು. ನಾವು ಅಮರಕೋಶ ಬಾಯಿಪಾಠ ಮಾಡುತ್ತಿದ್ದಾಗ ಅವನು ಆನೆಗೆ ಸೊಪ್ಪು ಕಡಿಯುತ್ತಿದ್ದ. ಅವನ ವಿದ್ಯೆಯನ್ನು ನಾವಾರೂ ವಿದ್ಯೆಯೆಂದು ಎಣಿಸಲಿಲ್ಲ. ತೆರೆಯ ಮೇಲೆ ಸಾಬುವನ್ನು ನೋಡುತ್ತಿದ್ದಾಗ ಐವತ್ತು ವರ್ಷಗಳ ಹಿಂದಿನ ಆ ಗೆಳೆಯನ ಮುಖ ಕಂಡಿತು. ಅವನ ಬಳಿ ಕುಳಿತು ಆನೆಯ ವಿಷಯ ಒಂದು ದಿನವೂ ಕೇಳಿ ತಿಳಿಯಲಿಲ್ಲವೆಂಬ ನಾಚಿಕೆ ಆಯಿತು.

ಹಾಗೆಂದು ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಫ್ಲಾಹರ್ಟಿ ತಿಂಗಳುಗಟ್ಟಲೆ ನಮ್ಮ ಕಾಡಿನಲ್ಲಿದ್ದು ತೆಗೆದ ಭಾಗಗಳು ಒಂದು ಬಗೆ. ಅವರು ಹಿಂದಿರುಗಿದ ಮೇಲೆ ಜೋಲ್ಟಾನ್ ಕೋರ್ಡಾ ಅವರು ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಕಥೆ ಜೋಡಿಸಲು ತೆಗೆದ ಭಾಗಗಳು ಇನ್ನೊಂದು ಬಗೆ. ಎರಡರ ಹೊಲಿಗೆ ಕಣ್ಣಿಗೆ ಕಾಣುತ್ತದೆ. ತೂಮಾಯಿಯ ತಂದೆಯೇ ಮೊದಲಾದ ಮುಖ್ಯ ಭಾರತೀಯ ಪಾತ್ರಗಳಿಗೆ ಇಂಗ್ಲಿಷ್ ನಟರು ಮುಖಕ್ಕೆ ಬಣ್ಣ ಬಳಿದುಕೊಂಡು ನಿಂತಿದ್ದಾರೆ. ಮಗ ಕಾರಾಪುರದವನು, ತಂದೆ ಲಂಡನ್ನಿನವನು! ಎಲ್ಲರಿಗೂ ಬುದ್ಧಿ ಹೇಳುವವನು ಬಿಳಿಯ ಸಾಹೇಬ. ಆಳುವವರ ಕಣ್ಣಿನಿಂದ ತೆಗೆದ ಚಿತ್ರ ಇದೆಂಬುದನ್ನು ಮರೆಯಬಾರದು. ಆದರೂ 1937ರ ವೆನಿಸ್ ಚಿತ್ರೋತ್ಸವದಲ್ಲಿ ಈ ಇಬ್ಬರು ನಿರ್ದೇಶಕರಿಗೂ ಪ್ರಶಸ್ತಿ ಬಂದಿತು. ಇಂದು ಅದನ್ನು ನೋಡಿದವರ ಮನಸ್ಸಿನಲ್ಲಿ ನಿಲ್ಲುವುದು ಸಾಹೇಬನಲ್ಲ, ಆ ಹುಡುಗ.

ಇನ್ನೊಂದು ದೋಷ ಚಿತ್ರದ್ದಲ್ಲ, ಕಾಲದ್ದು. ಹಿಂಡನ್ನು ತಮಟೆ, ಕೂಗು, ಬೆಂಕಿಗಳಿಂದ ಬೆದರಿಸಿ ದೊಡ್ಡಿಗೆ ನೂಕುವ ಖೆಡ್ಡಾ ದೃಶ್ಯ ಉಸಿರು ಹಿಡಿಸುವಂಥದ್ದು. ಆದರೆ ದೊಡ್ಡಿಯ ಬಾಗಿಲು ಮುಚ್ಚಿದ ಮೇಲಿನ ಕಥೆ ಬೇರೆ. ಹಗ್ಗದ ಗಾಯ, ಉಪವಾಸ, ತಾಯಿಮರಿಗಳ ಅಗಲಿಕೆ. ಕೊರಗಿ ಸತ್ತವುಗಳೂ ಉಂಟು. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು.

ಸಾಬುವಿನ ಮುಂದಿನ ಬಾಳು ಕೂಡ ಒಂದು ಕಥೆ. ಅವನು ಅಣ್ಣನೊಡನೆ ಇಂಗ್ಲೆಂಡಿಗೆ ಹೋದ. 'ದಿ ಥೀಫ್ ಆಫ್ ಬಾಗ್ದಾದ್' 1940ರಲ್ಲಿ, 'ಜಂಗಲ್ ಬುಕ್' 1942ರಲ್ಲಿ ಬಂದು ಅವನ ಕೀರ್ತಿಯನ್ನು ಹೆಚ್ಚಿಸಿದವು. 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಮಹಾಯುದ್ಧದಲ್ಲಿ ಯುದ್ಧವಿಮಾನದ ಬಂದೂಕುಗಾರನಾಗಿ ಹೋರಾಡಿ, ಶೌರ್ಯಕ್ಕಾಗಿ ಪದಕ ಪಡೆದ. ಯುದ್ಧದ ಅನಂತರ ಒಳ್ಳೆಯ ಪಾತ್ರಗಳು ವಿರಳವಾದವು. ಅವನಿಂದ ಜನ ಬಯಸಿದ್ದು ತಲೆಗೆ ರುಮಾಲು ಸುತ್ತಿದ ಆನೆಯ ಹುಡುಗನನ್ನೇ. ಹುಡುಗ ಬೆಳೆದು ಗೃಹಸ್ಥನಾದದ್ದನ್ನು ಅವರು ಒಪ್ಪಿಕೊಳ್ಳಲಿಲ್ಲ. 1963ರ ಡಿಸೆಂಬರಿನಲ್ಲಿ, ನಲವತ್ತು ತುಂಬುವ ಮೊದಲೇ, ಹೃದಯಾಘಾತದಿಂದ ತೀರಿಕೊಂಡ. ಕಾರಾಪುರದ ಮಣ್ಣಿನ ಮಗನ ಸಮಾಧಿ ಕ್ಯಾಲಿಫೋರ್ನಿಯಾದಲ್ಲಿದೆ.

ಚಿತ್ರ ಮುಗಿದಾಗ ತಿರುಗಿ ನೋಡಿದೆ. ಅಣ್ಣ ಯಾವಾಗಲೋ ಜಗಲಿಯಿಂದ ಎದ್ದು ಬಂದು ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ಸ್ವಲ್ಪ ಹೊತ್ತಿನ ಮೇಲೆ, "ಆ ಕಾಡು ಈಗ ಎಲ್ಲೈತೆ?" ಎಂದು ಕೇಳಿದರು.

"ಬಹಳಷ್ಟು ನೀರಿನ ಕೆಳಗಿದೆ ಅಣ್ಣ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತಲ್ಲ, ಕಾಕನಕೋಟೆಯ ಖೆಡ್ಡಾ ಜಾಗವೆಲ್ಲ ಮುಳುಗಿತು" ಎಂದೆ.

"ಹಂಗಾದ್ರೆ ಅಲ್ಲಿದ್ದವು ಎಲ್ಲಿಗೆ ಹೋದವು?"

ನಾನು ಉತ್ತರ ಕೊಡಲಿಲ್ಲ. ನಮ್ಮ ಹೊಲಕ್ಕೆ ಬರುವ ಆನೆಗಳು ಕಬಿನಿಯವಲ್ಲ. ಅವು ಕಾವೇರಿ ವನ್ಯಧಾಮದಿಂದಲೂ ಬನ್ನೇರುಘಟ್ಟದ ಕಾಡಿನಿಂದಲೂ ಬರುವಂಥವು. ಅಲ್ಲಿಂದ ತೆಂಗಿನಕಲ್ಲು ಅರಣ್ಯದವರೆಗೆ, ಚನ್ನಪಟ್ಟಣದ ಮಾವಿನ ತೋಪುಗಳವರೆಗೆ ನಡೆಯುತ್ತವೆ. ಇದನ್ನು ಅಣ್ಣನೂ ಬಲ್ಲರು. ಆದರೆ ಅವರ ಪ್ರಶ್ನೆ ಆ ಆನೆಗಳದ್ದಾಗಿರಲಿಲ್ಲ. ಒಂದು ಕಡೆ ಹೊಲ, ಒಂದು ಕಡೆ ರಸ್ತೆ, ಒಂದು ಕಡೆ ಕಲ್ಲುಗಣಿ ಎಂದು ಕಾಡು ತುಂಡಾಗಿ ಹೋದುದನ್ನು ಅವರು ನನಗಿಂತ ಹತ್ತಿರದಿಂದ ಕಂಡವರು.

ಅದೇ ರಾತ್ರಿ ಎರಡು ಗಂಟೆಯ ಹೊತ್ತಿಗೆ ಕೆಳಗಿನ ಹೊಲದ ಕಡೆಯಿಂದ ಪಟಾಕಿಯ ಸದ್ದು ಕೇಳಿಸಿತು. ಅಣ್ಣ ಟಾರ್ಚು ಹಿಡಿದು ಎದ್ದರು. ಬೇಡವೆಂದರೂ ನಾನು ಹಿಂದೆಯೇ ಹೋದೆ. ಊರಿನ ಹತ್ತಾರು ಗಂಡಸರು ಬದುವಿನ ಮೇಲೆ ಸೇರಿ ಕೂಗುತ್ತಿದ್ದರು. ಟಾರ್ಚಿನ ಬೆಳಕಿನಲ್ಲಿ ದೂರಕ್ಕೆ ನಾಲ್ಕು ಬೆನ್ನುಗಳು ಕಂಡವು. ನಡುವೆ ಇನ್ನೊಂದು, ಗಿಡ್ಡನೆಯದು. ಯುವಕನೊಬ್ಬ ಕಲ್ಲು ಬೀಸಲು ಕೈ ಎತ್ತಿದ. ಅಣ್ಣ ಅವನ ರಟ್ಟೆ ಹಿಡಿದು, "ಕಲ್ಲು ಬೇಡ ಕಣ್ಲಾ, ಮರಿ ಐತೆ. ದಾರಿ ಬಿಡಿ, ಅವೇ ಹೋಗ್ತವೆ" ಎಂದರು. ಕೂಗು ನಿಲ್ಲಲಿಲ್ಲ, ಪಟಾಕಿಯೂ ನಿಲ್ಲಲಿಲ್ಲ. ಕಲ್ಲು ಮಾತ್ರ ಬೀಳಲಿಲ್ಲ. ಅರ್ಧ ತಾಸಿನಲ್ಲಿ ಹಿಂಡು ಕಾಡಿನ ಅಂಚಿಗೆ ಸರಿಯಿತು.

ಬೆಳಿಗ್ಗೆ ಹೋಗಿ ನೋಡಿದರೆ ಅಣ್ಣನ ರಾಗಿಯಲ್ಲಿ ಮೂರು ಪಟ್ಟಿ ತುಳಿದು ಹೋಗಿತ್ತು. ಅವರು ಏನೂ ಅನ್ನಲಿಲ್ಲ. ಪರಿಹಾರದ ಅರ್ಜಿ ಬರೆದುಕೊಡೆಂದು ನನ್ನ ಕೈಗೆ ಕಾಗದ ಕೊಟ್ಟರು. ಬರೆದುಕೊಟ್ಟೆ.

ಒಂದು ಚಲನಚಿತ್ರ ನೋಡಿ ಮನುಷ್ಯ ಬದಲಾಗುತ್ತಾನೆಂದು ಹೇಳುವಷ್ಟು ಮುಗ್ಧ ನಾನಲ್ಲ. ಅಣ್ಣನ ಗೆಳೆಯನ ಸಾವನ್ನು ಯಾವ ಚಿತ್ರವೂ ಹಗುರ ಮಾಡಲಾರದು. ಬೆಳೆ ಕಳೆದುಕೊಂಡ ರೈತನಿಗೆ ಭೂತದಯೆಯ ಉಪದೇಶ ಮಾಡುವುದು ಸುಲಭ. ಅವನೊಡನೆ ಒಂದು ರಾತ್ರಿ ಬದುವಿನ ಮೇಲೆ ನಿಂತು ನೋಡಿದ ಮೇಲೆ ಮಾತು ತಾನಾಗಿ ಕಡಿಮೆಯಾಗುತ್ತದೆ. ಆದರೂ ಬಾಗಿಲ ಕಂಬಕ್ಕೆ ಒರಗಿ ಅಣ್ಣ ಕಂಡದ್ದೇನೋ ಇತ್ತು. ಎಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಓದು ಬರಹವಿಲ್ಲದ ಒಬ್ಬ ಅನಾಥ ಬಾಲಕ ನದಿಯಲ್ಲಿ ಆನೆಯ ಮೈ ತೊಳೆದ. ಅದನ್ನು ಯಾರೋ ಪರದೇಶದವರು ಚಿತ್ರಿಸಿ ಇಟ್ಟರು. ಆ ಕಾಡಿನ ಬಹುಭಾಗ ಮುಳುಗಿತು, ಆ ಆನೆ ಇಲ್ಲ, ಆ ಬಾಲಕ ಇಲ್ಲ. ಅವನ ಕೈಗಳು ಮಾತ್ರ ಇನ್ನೂ ಉಜ್ಜುತ್ತಿವೆ.

ನಮ್ಮ ಮನೆಗಳಲ್ಲಿ ಮಕ್ಕಳಿಗೆ ರಜೆ ಬಂದಾಗ ಹಿರಿಯರೂ ಜೊತೆಯಲ್ಲಿ ಕುಳಿತು ಈ ಚಿತ್ರವನ್ನು ನೋಡಬೇಕೆಂದು ಬಿನ್ನವಿಸುತ್ತೇನೆ. ಭಾಷೆ ತಿಳಿಯದಿದ್ದರೂ ಬಾಧಕವಿಲ್ಲ. ಅತ್ತಿಗೆಗೆ ಒಂದು ಇಂಗ್ಲಿಷ್ ಪದವೂ ಬಾರದು. ಚಿತ್ರ ಮುಗಿದಾಗ ಅವರು ಕೇಳಿದ್ದು ಒಂದೇ ಮಾತು: "ಆ ತಬ್ಬಲಿ ಹುಡುಗನಿಗೆ ಯಾರಾದ್ರೂ ಹೊತ್ತಿಗೆ ಸರಿಯಾಗಿ ಊಟಕ್ಕಿಕ್ಕಿದ್ರಾ?"